ಅಡ್ಡ ಬಂದ ಮುದುಕಿ

ಮೂಳೆ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತೊಡೆಯ ಮೂಳೆ ಚೆನ್ನಾಗಿ ಕೂಡಿಕೊಂಡಿದೆ, ಒಳಗೆ ರಾಡು ಇದ್ದರೂ ತೊಂದರೆಯಿಲ್ಲ, ಇನ್ನು ಬೇಕಾದರೆ ಗಾಡಿ ಓಡಿಸಬಹುದು ಎಂದು ಹೇಳಿದ ದಿನ ಲಿಡಿಯಾಗೆ ಸಂತೋಷವಾಗಲಿಲ್ಲ. ಆ ಮಾತು ಡಾಕ್ಟರ ಬಾಯಿಂದ ಬಾರದಿರಲಿ ಎಂದೇ ಅವಳು ಒಳಗೊಳಗೆ ಬೇಡಿಕೊಂಡಿದ್ದಳು. ಕಾಲು ಸರಿಯಿಲ್ಲ ಎನ್ನುವ ಕಾರಣ ಇರುವವರೆಗೆ ಇನ್ನೊಂದು ಕಾರಣವನ್ನು ಯಾರಿಗೂ ಹೇಳಬೇಕಾಗಿರಲಿಲ್ಲ.

ಲಿಡಿಯಾ ಪಶುಪಾಲನಾ ಇಲಾಖೆಯಲ್ಲಿ ಪಶುವೈದ್ಯಕೀಯ ಪರೀಕ್ಷಕಿ. ವಯಸ್ಸು ಮೂವತ್ತೇಳು. ಅಪಘಾತವಾಗುವ ತನಕ ಹನ್ನೊಂದು ವರ್ಷ ಅವಳು ಮಂಡಕಳ್ಳಿಯ ಆಚೆಗಿನ ಹಳ್ಳಿಗಳನ್ನು ಬೈಕಿನಲ್ಲೇ ಸುತ್ತಿದ್ದಳು. ಹಿಂದಿನ ಸೀಟಿಗೆ ಲಸಿಕೆಯ ಐಸ್ ಡಬ್ಬ ಕಟ್ಟಿಕೊಂಡು ಬೆಳಿಗ್ಗೆ ಏಳಕ್ಕೆ ಅಶೋಕಪುರಂನ ಮನೆ ಬಿಟ್ಟರೆ ಬಿಸಿಲೇರುವಷ್ಟರಲ್ಲಿ ನಾಲ್ಕು ಕೊಟ್ಟಿಗೆ ಮುಗಿಸಿರುತ್ತಿದ್ದಳು. ಕರು ಅಡ್ಡವಾಗಿದೆ, ಹಸು ಮೇವು ಮುಟ್ಟುತ್ತಿಲ್ಲ ಎಂದು ಫೋನು ಬಂದರೆ ಊಟದ ಕೈ ತೊಳೆದು ಹೊರಡುವಳು. ಅವಳು ಡಾಕ್ಟರಲ್ಲ, ಅದನ್ನು ಅವಳೇ ಎಷ್ಟೋ ಸಲ ಹೇಳಿದ್ದಳು. ಆದರೂ ಆ ಕಡೆಯ ಜನ ಅವಳನ್ನು ಬೈಕ್ ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು.

ಬೈಕು ಕಲಿಸಿದವರು ಅಪ್ಪ ಆಂತೋಣಿ. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವರು. ಮಗಳಿಗೆ ಹದಿನಾರು ತುಂಬಿದಾಗ ಮನೆಯ ಹಿಂದಿನ ಬಯಲಿನಲ್ಲಿ ತಮ್ಮ ಹಳೆಯ ಗಾಡಿಯ ಮೇಲೆ ಕೂರಿಸಿ, ಕ್ಲಚ್ಚು ಬಿಡುವುದು ಹೇಗೆ, ಜಲ್ಲಿಯ ಮೇಲೆ ಬ್ರೇಕು ಹಿಡಿಯುವುದು ಹೇಗೆ ಎಂದು ಮೂರು ತಿಂಗಳು ಕಲಿಸಿದ್ದರು. ಹೆಣ್ಣುಮಗುವಿಗೆ ಇದೆಲ್ಲ ಯಾಕೆ ಎಂದು ಅಮ್ಮ ಆರೋಗ್ಯಮೇರಿ ಗೊಣಗುತ್ತಿದ್ದಳು. ಅಪ್ಪ ಕೇಳಲಿಲ್ಲ. ಕೆಲಸ ಸಿಕ್ಕಿ ಲಿಡಿಯಾ ತನ್ನದೇ ಬೈಕು ಕೊಂಡ ಮೇಲೂ ಅದನ್ನು ಬೇರೆಯವರ ಕೈಗೆ ಕೊಡಲು ಅವರು ಬಿಡಲಿಲ್ಲ. ಆಯಿಲ್ ಬದಲಾಯಿಸುವುದು, ಚೈನು ಬಿಗಿ ಮಾಡುವುದು, ಪಂಕ್ಚರ್ ಹಾಕುವುದು ಎಲ್ಲ ಭಾನುವಾರ ಮನೆಯ ಮುಂದೆಯೇ ನಡೆಯುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ, ತಂಗಿ ಐರಿನ್ ಮದುವೆಯಾಗಿ ಒಂಟಿಕೊಪ್ಪಲಿಗೆ ಹೋದ ಮೇಲೆ, ಮನೆಯಲ್ಲಿ ಉಳಿದ ಇಬ್ಬರ ನಡುವಿನ ಮಾತು ಹೆಚ್ಚಾಗಿ ಆ ಗಾಡಿಯ ಸುತ್ತಲೇ ಇರುತ್ತಿತ್ತು.

ಎರಡು ವರ್ಷದ ಹಿಂದೆ, ನವೆಂಬರಿನ ಒಂದು ಸೋಮವಾರ ಸಂಜೆ, ಅವಳು ಹಳ್ಳಿಗಳಿಂದ ವಾಪಸು ಬರುತ್ತಿದ್ದಳು. ಅವಳಿಗೆ ನೆನಪಿರುವುದು ವಿಮಾನ ನಿಲ್ದಾಣದ ಕಾಂಪೌಂಡು ಗೋಡೆ ಮತ್ತು ಅದರ ಮೇಲೆ ಬಿದ್ದಿದ್ದ ಇಳಿಬಿಸಿಲು. ಆಮೇಲಿನ ನೆನಪು ಆಸ್ಪತ್ರೆಯ ಫ್ಯಾನು. ನಡುವೆ ನಾಲ್ಕು ದಿನ ಕಳೆದಿತ್ತು. ತೊಡೆಯ ಮೂಳೆ ಎರಡಾಗಿತ್ತು, ಎಡಗೈ ಮಣಿಕಟ್ಟು ಮುರಿದಿತ್ತು, ತಲೆಗೆ ಹದಿನೇಳು ಹೊಲಿಗೆ ಬಿದ್ದಿತ್ತು.

ಏನಾಯಿತೆಂದು ಹೇಳಿದವರು ಅಪ್ಪ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಅವಳ ಮುಖ ನೋಡದೆ, ಹುಲ್ಲಿನ ಹೊರೆ ಹೊತ್ತ ಒಬ್ಬ ಮುದುಕಿ ರಸ್ತೆ ದಾಟುತ್ತಿದ್ದಳು, ನೀನು ಅವಳಿಗೆ ಗುದ್ದಿದೆ ಎಂದರು. ಹೆಸರು ಕೆಂಚಮ್ಮ. ಪಕ್ಕದ ಚಿಕ್ಕಕಟ್ಟೆಹುಂಡಿಯವಳು. ಸೊಂಟ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ, ಆದರೆ ಇನ್ನು ನಡೆಯುವುದು ಕಷ್ಟ. ಪೊಲೀಸ್ ಕೇಸು ಆಗದ ಹಾಗೆ ತಾವು ಮಾತಾಡಿದ್ದಾಗಿದೆ. ಆದರೆ ಅವಳ ಮಗ ಒರಟ, ನಮ್ಮ ಮುಖ ನೋಡುವುದಿಲ್ಲ ಅಂದಿದ್ದಾನೆ, ಆ ಕಡೆ ಕಾಲಿಡಬೇಡ ಎಂದರು.

ಆ ಮುದುಕಿಯ ಜೊತೆ ಲಿಡಿಯಾ ಎರಡು ವರ್ಷ ಬದುಕಿದಳು. ಕಾಲಿನ ನೋವು ಹೆಚ್ಚಾದ ದಿನ, ಅವಳಿಗೆ ಇದಕ್ಕಿಂತ ಹೆಚ್ಚಿರುತ್ತದೆ ಎಂದು ಮಾತ್ರೆ ನುಂಗದೆ ಮಲಗಿದಳು. ಊರುಗೋಲು ಬಿಟ್ಟು ತಾನು ನಾಲ್ಕು ಹೆಜ್ಜೆ ಇಟ್ಟ ದಿನ ಅತ್ತಳು. ಚರ್ಚಿನ ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಮೊಣಕಾಲೂರಲು ಆಗದೆ ನಿಂತುಕೊಂಡೇ, ನಾನು ಒಬ್ಬ ಬಡ ಹೆಂಗಸಿನ ನಡಿಗೆ ಕಿತ್ತುಕೊಂಡಿದ್ದೇನೆ ಎಂದು ಗುರುಗಳಿಗೆ ಹೇಳಿದಳು. ಅವರು ಕ್ಷಮೆಯ ಮಾತು ಹೇಳಿ ಕಳಿಸಿದರು. ಅದು ಅವಳಿಗೆ ತಾಗಲಿಲ್ಲ. ಮೊದಲ ವರ್ಷದ ಕ್ರಿಸ್‌ಮಸ್ಸಿಗೆ ಕೆಂಚಮ್ಮನಿಗೆಂದು ಒಂದು ವಾಕರ್ ತಂದು, ನೂಲಿನ ಸೀರೆಯ ಜೊತೆ ಅಪ್ಪನ ಕೈಗೆ ಕೊಟ್ಟಳು. ಮರುವರ್ಷ ಇನ್ನೊಂದು ಸೀರೆ, ಒಂದು ಕಂಬಳಿ. ಅಪ್ಪ ಅವುಗಳನ್ನು ಚೀಲಕ್ಕೆ ತುಂಬಿಕೊಂಡು ಹೋಗಿ ಬಂದು, ಕೊಟ್ಟೆ ಎಂದಷ್ಟೇ ಹೇಳುತ್ತಿದ್ದರು. ಹಳ್ಳಿಗಳ ರೈತರ ಫೋನು ಬಂದರೆ ಅವಳು ಎತ್ತುತ್ತಿರಲಿಲ್ಲ. ಕೆಂಚಮ್ಮನ ಹೆಸರು ಅವರಲ್ಲಿ ಯಾರ ಬಾಯಲ್ಲಾದರೂ ಬಂದೀತು ಎಂಬ ಭಯ.

ಇಲಾಖೆ ಅವಳನ್ನು ನಗರದ ಪಶು ಆಸ್ಪತ್ರೆಗೆ ಹಾಕಿತ್ತು. ಚೀಟಿ ಬರೆಯುವುದು, ನಾಯಿಗಳಿಗೆ ಇಂಜೆಕ್ಷನ್ ಹಾಕುವವರ ಪಕ್ಕ ನಿಲ್ಲುವುದು, ಔಷಧಿ ಎಣಿಸುವುದು. ಅಪ್ಪ ಮಾತ್ರ ನುಜ್ಜುಗುಜ್ಜಾದ ಬೈಕನ್ನು ಮನೆಗೆ ತರಿಸಿ, ಒಂದೊಂದೇ ಭಾಗ ಬಿಚ್ಚಿ, ಮುಂದಿನ ಫೋರ್ಕು ಬದಲಾಯಿಸಿ, ನಾಲ್ಕು ತಿಂಗಳಲ್ಲಿ ಮೊದಲಿನ ಹಾಗೇ ಮಾಡಿ ನಿಲ್ಲಿಸಿದ್ದರು. ಪ್ರತಿ ಭಾನುವಾರ ಹೊದಿಕೆ ತೆಗೆದು ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಿದ್ದರು. ಲಿಡಿಯಾ ಅದರ ಹತ್ತಿರ ಹೋದರೆ, ಸಾಕು ಬಿಡು ಮಗಳೆ, ಒಂದು ಸಲ ಆಗಿದ್ದು ಸಾಲದಾ ಎನ್ನುತ್ತಿದ್ದರು. ಓಡಿಸಬೇಡ ಎನ್ನುವವರು ಅದನ್ನು ಯಾಕಷ್ಟು ಜೋಪಾನ ಮಾಡುತ್ತಾರೆ ಎಂದು ಅವಳು ಕೇಳಲಿಲ್ಲ. ಪ್ರೀತಿಯೆಂದುಕೊಂಡಿದ್ದಳು.

ಮೂಳೆ ಡಾಕ್ಟರ ಚೀಟಿ ನೋಡಿ ಪಶುವೈದ್ಯಾಧಿಕಾರಿ ಗಿರಿಜಾಂಬಾ ಅವಳನ್ನು ಒಳಗೆ ಕರೆದರು. ಕಾಲುಬಾಯಿ ಜ್ವರದ ಲಸಿಕೆ ಮುಂದಿನ ತಿಂಗಳು ಶುರುವಾಗುತ್ತದೆ, ಮಂಡಕಳ್ಳಿ ಕಡೆಯ ಜಾಗಕ್ಕೆ ಎರಡು ವರ್ಷದಿಂದ ಯಾರೂ ನಿಂತಿಲ್ಲ, ನೀವು ಬರುವುದಾದರೆ ನಿಮಗೇ, ಇಲ್ಲವಾದರೆ ಬೇರೆಯವರನ್ನು ಹಾಕುತ್ತೇನೆ ಎಂದರು. ಬಸ್ಸಿನಲ್ಲಿ ಆ ಹಳ್ಳಿಗಳನ್ನು ಸುತ್ತಲಾಗುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಸೋಮವಾರದೊಳಗೆ ಯೋಚನೆ ಮಾಡಿ ಹೇಳಿ ಎಂದು ಕಳಿಸಿದರು.

ಮೂರು ದಿನ ಲಿಡಿಯಾ ಯೋಚಿಸಿದಳು. ಮತ್ತೆ ಹತ್ತಬೇಕೆಂಬ ಆಸೆ ಸತ್ತಿರಲಿಲ್ಲ. ಹಸುವಿನ ಬೆನ್ನು ಸವರಿದ ಅಂಗೈಯ ವಾಸನೆ, ಕೆರೆಯ ಏರಿಯ ಮೇಲೆ ಮೂರನೇ ಗೇರಿನಲ್ಲಿ ಹೋಗುವಾಗ ಮುಖಕ್ಕೆ ಬಡಿಯುವ ತಣ್ಣನೆಯ ಗಾಳಿ, ಇವೆಲ್ಲ ಆಸ್ಪತ್ರೆಯ ಮೇಜಿನ ಮುಂದೆ ಕೂತಾಗ ನೆನಪಾಗುತ್ತಿದ್ದವು. ಆದರೆ ಕಣ್ಣೆದುರು ಹೊರೆ ಹೊತ್ತು ಬಂದ ಮನುಷ್ಯಳನ್ನೇ ಕಾಣದವಳು ಮತ್ತೆ ರಸ್ತೆಗಿಳಿಯಬಹುದೇ? ಕೊನೆಗೆ ಅವಳಿಗೆ ಒಂದೇ ದಾರಿ ತೋಚಿತು. ಕೆಂಚಮ್ಮನನ್ನೇ ಕಾಣಬೇಕು. ಮಗ ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ. ಆ ಹೆಂಗಸು ಬೇಡ ಎಂದರೆ ಗಾಡಿ ಮಾರಿಬಿಡುವುದು. ಅಪ್ಪನಿಗೆ ಹೇಳಿದರೆ ಬಿಡುವುದಿಲ್ಲವೆಂದು, ಶನಿವಾರ ಡ್ಯೂಟಿಗೆ ಹೋಗುತ್ತೇನೆಂದು ಹೇಳಿ ಮಂಡಕಳ್ಳಿಯ ಬಸ್ಸು ಹತ್ತಿದಳು. ಅಲ್ಲಿಂದ ಚಿಕ್ಕಕಟ್ಟೆಹುಂಡಿಗೆ ಒಂದೂವರೆ ಕಿಲೋಮೀಟರು ನಡೆದಳು.

ಊರ ಬಾಗಿಲಿನ ಅಂಗಡಿಯಲ್ಲಿ ಕೆಂಚಮ್ಮನ ಮನೆ ಕೇಳಿದಾಗ ಅಂಗಡಿಯವನು ರಸ್ತೆಯ ಕಡೆ ಕೈ ತೋರಿಸಿ, ಅಗೋ ಬರ್ತಾವ್ಳೆ ಅಂದ. ಅರವತ್ತೈದು ದಾಟಿದ, ತೆಳ್ಳನೆಯ ಹೆಂಗಸೊಬ್ಬಳು ತಲೆಯ ಮೇಲೆ ಹಸಿಹುಲ್ಲಿನ ಹೊರೆ ಹೊತ್ತು, ಒಂದು ಕೈಯಲ್ಲಿ ಕುಡುಗೋಲು ಹಿಡಿದು ಬಿರಬಿರನೆ ಬರುತ್ತಿದ್ದಳು. ಈ ಕೆಂಚಮ್ಮ ಅಲ್ಲ, ಸೊಂಟ ಮುರಿದಿರುವ ಕೆಂಚಮ್ಮ ಎಂದಳು ಲಿಡಿಯಾ. ಈ ಊರಲ್ಲಿ ಇರೋದು ಒಬ್ಬಳೇ ಎಂದ ಅಂಗಡಿಯವನು.

ಹೆಂಗಸು ಹತ್ತಿರ ಬಂದು, ಹೊರೆಯ ಕೆಳಗಿನಿಂದ ಕಣ್ಣು ಕಿರಿದು ಮಾಡಿ ನೋಡಿ ನಿಂತುಬಿಟ್ಟಳು.

"ಬೈಕ್ ಡಾಕ್ಟ್ರಮ್ಮ ಅಲ್ವಾ ತಾಯಿ? ಎಂಗಿದ್ದೀರಿ ಈಗ? ಬದುಕ್ಕೊಂಡ್ರಿ ಅಂತ ಗೊತ್ತಿತ್ತು. ಒಂದ್ಸಲನಾದ್ರೂ ಬಂದು ಮೊಕ ತೋರುಸ್ತೀರಿ ಅಂತ ಕಾಯ್ತಿದ್ದೆ."

ನಿಮ್ಮ ಸೊಂಟ, ಎಂದಷ್ಟೇ ಅಂದಳು ಲಿಡಿಯಾ.

"ನನ್ ಸೊಂಟಕ್ಕೇನಾಗದೆ?"

ಕೆಂಚಮ್ಮ ಅವಳನ್ನು ಮನೆಗೆ ಕರೆದುಕೊಂಡು ಹೋಗಿ ಜಗುಲಿಯ ಮೇಲೆ ಕೂರಿಸಿದಳು. ಮಗ ಚೆಲುವರಾಜು ಒಳಗಿನಿಂದ ಬಂದ. ನಲವತ್ತರ ಆಸುಪಾಸಿನವನು, ನೀರಿನ ಟ್ಯಾಂಕರ್ ಓಡಿಸುವವನು. ಒರಟನೇನಲ್ಲ. ಅವಳನ್ನು ಕಂಡು ಕೈ ಮುಗಿದ. ಲಿಡಿಯಾ ಬಂದ ಕಾರಣವನ್ನು ತಡವರಿಸುತ್ತ ಹೇಳಿದಳು. ತಾನು ಗುದ್ದಿದ್ದು, ಕೆಂಚಮ್ಮನ ಸೊಂಟ ಮುರಿದಿದ್ದು, ವಾಕರ್ ಕಳಿಸಿದ್ದು, ಕ್ಷಮೆ ಕೇಳಲು ಬಂದದ್ದು. ತಾಯಿ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೆಂಚಮ್ಮ ಹೇಳಿದ್ದು ಇಷ್ಟು. ಅವತ್ತು ಅವಳು ರಸ್ತೆಯಲ್ಲೇ ಇರಲಿಲ್ಲ. ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಕಬ್ಬಿಣ ಉಜ್ಜಿದ ಹಾಗೆ ಸದ್ದು ಕೇಳಿ ಓಡಿ ಬಂದಾಗ ಲಿಡಿಯಾ ಮೋರಿಯ ಪಕ್ಕ ಬಿದ್ದಿದ್ದಳು. ಆಟೋ ಬರುವ ತನಕ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಒತ್ತಿ ರಕ್ತ ನಿಲ್ಲಿಸಿದವಳು ಅವಳೇ. ಆಸ್ಪತ್ರೆಗೂ ಜೊತೆಯಲ್ಲೇ ಬಂದಿದ್ದಳು. ಅಲ್ಲೇ ಲಿಡಿಯಾಳ ಅಪ್ಪನನ್ನು ಕಂಡದ್ದು. ಅವರು ಅವಳ ಕೈ ಹಿಡಿದುಕೊಂಡು ಅತ್ತಿದ್ದರು, ಹೆಸರು ಕೇಳಿದ್ದರು.

"ಆಮೇಲೆ ನೋಡಾಕೆ ಬತ್ತೀನಿ ಅಂದೆ ಕಣವ್ವ. ಬರಬೇಡಿ, ಆ ದಿನ ನೆನಪಾದ್ರೆ ಮಗಳಿಗೆ ಆಗಲ್ಲ ಅಂದ್ರು. ಅದ್ಕೇ ಸುಮ್ಕಾದೆ."

"ಹಾಗಾದ್ರೆ ನಾನು ಯಾರಿಗೆ ಗುದ್ದಿದೆ?" ಎಂದಳು ಲಿಡಿಯಾ.

ನಿಮ್ಮ ತಂದೆಗೆ ಮಾತು ಕೊಟ್ಟಿದ್ದೇನೆ, ಆದರೆ ನನ್ನ ತಾಯಿಯ ಹೆಸರಲ್ಲಿ ಹೀಗೆ ನಡೆದಿದ್ದರೆ ಆ ಮಾತಿಗೆ ಬೆಲೆಯಿಲ್ಲ ಎಂದ ಚೆಲುವರಾಜು. ಆಮೇಲೆ ಹೇಳಿದ.

"ರೋಡಲ್ಲಿ ಒಂದು ನಾಯೀನೂ ಅಡ್ಡ ಬಂದಿರ್ಲಿಲ್ಲ ಮೇಡಂ. ನಾನು ಹಿಂದೇನೇ ಟ್ಯಾಂಕರಲ್ಲಿ ಬತ್ತಿದ್ದೆ. ನೀವು ಜೋರಾಗೂ ಓಡಿಸ್ತಿರ್ಲಿಲ್ಲ. ಮುಂದಿನ ಚಕ್ರ ತಾನಾಗೇ ವಾಲ್ಕೊಂಡು ಲಾಕ್ ಆಗೋಯ್ತು. ನೋಡಿದ್ರೆ ಚಕ್ರ ಹಿಡ್ದಿಡೋ ಆಕ್ಸಲ್ ನಟ್ಟೇ ಇಲ್ಲ. ಹಿಂದಕ್ಕೆ ಹೋಗಿ ಹುಡುಕ್ದೆ, ಟಾರಿನ ಅಂಚಲ್ಲಿ ಸಿಕ್ತು. ಮಾರನೇ ದಿನ ನಿಮ್ಮಪ್ಪ ಗಾಡಿ ತಗೊಂಡೋಗಕ್ಕೆ ಬಂದಾಗ ಅವ್ರ ಕೈಗೇ ಕೊಟ್ಟೆ. ಅದನ್ನ ಹಿಡ್ಕೊಂಡು ಅಲ್ಲೇ ಮಣ್ಣಲ್ಲಿ ಕೂತ್ಬುಟ್ರು. ಇದನ್ನ ಯಾರಿಗೂ ಹೇಳ್ಬೇಡ ಕಣಪ್ಪ ಅಂದ್ರು."

ಕೆಂಚಮ್ಮ ಮಜ್ಜಿಗೆ ತಂದುಕೊಟ್ಟಳು. ಲಿಡಿಯಾ ಲೋಟ ಹಿಡಿದು ಕೂತಳೇ ಹೊರತು ಕುಡಿಯಲಿಲ್ಲ. ಅಪಘಾತದ ಹಿಂದಿನ ದಿನ, ಭಾನುವಾರ ಸಂಜೆ, ಅಪ್ಪ ಮುಂದಿನ ಚಕ್ರ ಬಿಚ್ಚಿ ಪಂಕ್ಚರ್ ಹಾಕುತ್ತಿದ್ದುದು ಅವಳ ನೆನಪಿನಲ್ಲಿ ಸ್ಪಷ್ಟವಾಗಿತ್ತು. ಕಳೆದುಹೋದದ್ದು ಅಪಘಾತದ ನೆನಪು ಮಾತ್ರ. ಎರಡು ವರ್ಷದಲ್ಲಿ ಒಮ್ಮೆಯೂ ಅವಳು ಆ ಭಾನುವಾರವನ್ನು ಅನುಮಾನಿಸಿರಲಿಲ್ಲ.

ವಾಪಸು ಬರುವಾಗ ಅವಳು ಮನೆಗೆ ಹೋಗಲಿಲ್ಲ. ಬಸ್ಸು ಬದಲಿಸಿ ಒಂಟಿಕೊಪ್ಪಲಿಗೆ ಹೋಗಿ ತಂಗಿಯ ಬಾಗಿಲು ತಟ್ಟಿದಳು. ಐರಿನ್ ಬಟ್ಟೆ ಮಡಿಸುತ್ತಿದ್ದಳು. ಲಿಡಿಯಾ ನಿಂತಲ್ಲಿಂದಲೇ, ಆ ಮುದುಕಿಯ ವಿಷಯ ನಿನಗೆ ಗೊತ್ತಿತ್ತಾ ಎಂದು ಕೇಳಿದಳು. ಐರಿನ್ ತಲೆಯೆತ್ತಲಿಲ್ಲ. ಅಷ್ಟರಲ್ಲೇ ಉತ್ತರ ಸಿಕ್ಕಿತ್ತು. ನಟ್ಟಿನ ವಿಷಯ ಅವಳಿಗೆ ತಿಳಿದಿರಲಿಲ್ಲ. ಆದರೆ ಮುದುಕಿಗೆ ಏನೂ ಆಗಿಲ್ಲ ಎನ್ನುವುದು ಮೊದಲ ವಾರವೇ ತಿಳಿದಿತ್ತು.

"ನೀನು ಮತ್ತೆ ಆ ಗಾಡಿ ಹತ್ತದಿದ್ರೆ ಸಾಕು ಅನ್ನಿಸಿತ್ತು ಅಕ್ಕ. ಅಪ್ಪ ಹೇಳ್ಬೇಡ ಅಂದ್ರು. ನಾನೂ ಸರಿ ಅಂದ್ಕೊಂಡೆ."

"ವಾಕರ್ ತರೋಕೆ ನನ್ನ ಜೊತೆ ಅಂಗಡಿಗೆ ಬಂದವಳು ನೀನು."

ಐರಿನ್ ಅತ್ತಳು. ಲಿಡಿಯಾಗೆ ಅವಳನ್ನು ಸಮಾಧಾನ ಮಾಡಬೇಕೆನಿಸಲಿಲ್ಲ. ವಾಕರಿನ ಎತ್ತರ ಎಷ್ಟಿರಬೇಕೆಂದು ಅಂಗಡಿಯವನು ಕೇಳಿದಾಗ, ಹಳ್ಳಿಯ ಹೆಂಗಸರು ಕುಳ್ಳಗಿರುತ್ತಾರೆ, ಸಣ್ಣದೇ ಕೊಡಿ ಎಂದು ಹೇಳಿದ್ದು ಇದೇ ತಂಗಿ.

ಮನೆ ಸೇರುವಷ್ಟರಲ್ಲಿ ಸಂಜೆ ಐದಾಗಿತ್ತು. ಆಂತೋಣಿ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಲಿಡಿಯಾ ಚಪ್ಪಲಿ ಬಿಡದೆ ಒಳಗೆ ಬಂದು, ಕೆಂಚಮ್ಮನ್ನ ನೋಡ್ಕೊಂಡು ಬಂದೆ ಎಂದಳು. ಅವರ ಕೈ ನಿಂತಿತು. ಮತ್ತೆ ಒಂದು ಕಾಯಿ ತೆಗೆದುಕೊಂಡು ಸುಲಿದು, ಕಾಳನ್ನು ಪಾತ್ರೆಗೆ ಹಾಕಿದರು.

"ಚೆಲುವರಾಜು ಹೇಳಿದ್ನಾ?"

"ನೀವು ಹೇಳಿ."

ಅವರು ಹೇಳಿದರು. ಪಂಕ್ಚರ್ ಹಾಕಿ ಚಕ್ರ ಕೂರಿಸಿ ನಟ್ಟನ್ನು ಕೈಯಲ್ಲಿ ತಿರುಗಿಸಿಟ್ಟಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಬೆಳಿಗ್ಗೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿದರಾಯಿತೆಂದು ಕೈ ತೊಳೆದುಕೊಂಡರು. ಬೆಳಿಗ್ಗೆ ಎದ್ದು ಚರ್ಚಿನ ಪೂಜೆಗೆ ಹೋದರು, ಅವರು ಬರುವಷ್ಟರಲ್ಲಿ ಅವಳು ಹೊರಟಿದ್ದಳು. ಆಸ್ಪತ್ರೆಯಲ್ಲಿ ಅವಳು ಪೂರ್ತಿ ಎಚ್ಚರವಾಗುವ ಮೊದಲೇ, ಯಾರಿಗೆ ಗುದ್ದಿದೆ, ಯಾರಿಗೆ ಗುದ್ದಿದೆ ಎಂದು ಬಡಬಡಿಸುತ್ತಿದ್ದಳಂತೆ. ಎರಡು ದಿನ ಅದನ್ನು ಕೇಳಿಸಿಕೊಂಡ ಮೇಲೆ ಅವರಿಗೆ ಉತ್ತರ ಸಿಕ್ಕಿಬಿಟ್ಟಿತ್ತು. ನೆನಪಿಗೆ ಬಂದ ಹೆಸರು ಕೆಂಚಮ್ಮನದು. ನಾಳೆ ನಿಜ ಹೇಳೋಣ, ಕಾಲು ಸರಿಯಾದ ಮೇಲೆ ಹೇಳೋಣ ಎಂದುಕೊಳ್ಳುತ್ತ ಬಂದರು. ವಾಕರನ್ನು ವೃದ್ಧಾಶ್ರಮದ ಸಿಸ್ಟರುಗಳಿಗೆ ಕೊಟ್ಟರು. ಸೀರೆ, ಕಂಬಳಿ ಅಟ್ಟದ ಮೇಲಿನ ಟ್ರಂಕಿನಲ್ಲಿವೆ.

"ನೀನು ಮತ್ತೆ ಗಾಡಿ ಹತ್ತೋದು ಬೇಡ ಅಂತಾನೂ ಇತ್ತು. ಅದು ಸುಳ್ಳಲ್ಲ ಕಣಮ್ಮ."

"ನನ್ನ ತಪ್ಪಿಂದ ಒಬ್ಬಳು ಮಂಚ ಹಿಡಿದಿದ್ದಾಳೆ ಅಂತ ಎರಡು ವರ್ಷ ಅತ್ತಿದ್ದೀನಿ. ನೀವು ಪಕ್ಕದಲ್ಲೇ ಕೂತು ನೋಡಿದ್ರಿ."

ಆಂತೋಣಿ ತಲೆ ತಗ್ಗಿಸಿದರು. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಇಷ್ಟು ದಿನ ಕಟ್ಟಿಟ್ಟದ್ದು ಒಮ್ಮೆ ಬಿಚ್ಚಿಕೊಂಡ ಮೇಲೆ ಅವರಿಗೆ ತಡೆಯಲಾಗಲಿಲ್ಲವೇನೋ. ಅವಳು ಕೇಳದೆಯೇ ಹೇಳಿದರು.

"ಮಧ್ಯಾಹ್ನ ಊಟಕ್ಕೆ ಕೂತಾಗ ನೆನಪಾಯ್ತು. ಫೋನ್ ಕೈಗೆ ತಗೊಂಡೆ. ಮೂವತ್ನಾಲ್ಕು ವರ್ಷ ಫಿಟ್ಟರ್ ಆಗಿದ್ದೋನು ನಟ್ಟು ಬಿಗಿ ಮಾಡೋದು ಮರೆತೆ ಅಂತ ಮಗಳಿಗೆ ಹೇಗೆ ಹೇಳೋದು ಅನ್ನಿಸ್ತು. ಬೆಳಗಿಂದ ಏನೂ ಆಗಿಲ್ಲ, ಸಂಜೆ ಬಂದ್ಮೇಲೆ ಗೊತ್ತಾಗ್ದಂಗೆ ಬಿಗಿ ಮಾಡೋಣ ಅಂತ ಫೋನ್ ಇಟ್ಬುಟ್ಟೆ."

ಲಿಡಿಯಾ ಗೋಡೆಗೆ ಒರಗಿಕೊಂಡಳು. ಮರೆವನ್ನು ಅವಳು ಆ ಹೊತ್ತಿಗೆ, ಬಸ್ಸಿನಲ್ಲಿ ಬರುವಾಗಲೇ, ಅರ್ಧ ಕ್ಷಮಿಸಿದ್ದಳು. ಮರೆವು ಯಾರಿಗೂ ಬರುತ್ತದೆ. ಸುಳ್ಳನ್ನೂ ಯಾವತ್ತಾದರೂ ಒಂದು ದಿನ ಕ್ಷಮಿಸಬಹುದಿತ್ತೇನೋ. ಆದರೆ ಅವತ್ತು ಮಧ್ಯಾಹ್ನ ಒಂದೂವರೆಯಿಂದ ಸಂಜೆ ಐದರವರೆಗೆ ಅವಳು ಯಾವ ಯಾವ ರಸ್ತೆಯಲ್ಲಿ ಓಡಾಡಿದ್ದಳು ಎಂದು ಲೆಕ್ಕ ಹಾಕತೊಡಗಿದಾಗ ಅವಳಿಗೆ ಅಪ್ಪನ ಮುಖ ನೋಡಲಾಗಲಿಲ್ಲ. ಹೆದ್ದಾರಿ, ಕೆರೆಯ ಏರಿ, ಕಲ್ಲು ಕ್ವಾರಿಯ ಇಳಿಜಾರು. ಅಷ್ಟು ಹೊತ್ತೂ ಅವರಿಗೆ ಗೊತ್ತಿತ್ತು. ಮಗಳ ಮುಂದೆ ಸಣ್ಣವರಾಗಬಾರದೆಂದು ಸುಮ್ಮನಿದ್ದರು.

ಅವಳು ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದಳು. ವಾಪಸು ಬಂದಾಗ ಅಪ್ಪ ಅಟ್ಟದಿಂದ ಟ್ರಂಕು ಇಳಿಸಲು ಸ್ಟೂಲು ಹತ್ತಿದ್ದರು. ಇಳಿಯಿರಿ ಎಂದಳು. ಸೀರೆಗಳನ್ನು ನೋಡುವುದು ಅವಳಿಗೆ ಬೇಕಿರಲಿಲ್ಲ.

ಭಾನುವಾರ ಅವಳು ಚರ್ಚಿಗೆ ಹೋದಳು, ಕೊನೆಯ ಬೆಂಚಿನಲ್ಲಿ ಕೂತಳು. ಪಾಪನಿವೇದನೆಯ ಪೆಟ್ಟಿಗೆಯ ಮುಂದೆ ಏಳೆಂಟು ಜನ ಸಾಲಾಗಿ ನಿಂತಿದ್ದರು. ಮಾಡದ ಪಾಪವನ್ನು ಅಲ್ಲಿ ಎಷ್ಟು ಸಲ ಹೇಳಿಕೊಂಡಿದ್ದಳೆಂದು ಅವಳು ಲೆಕ್ಕವಿಟ್ಟಿರಲಿಲ್ಲ. ಅದನ್ನು ಹಿಂದಕ್ಕೆ ಪಡೆಯಲು ಏನು ಮಾಡಬೇಕೆಂದೂ ತಿಳಿಯಲಿಲ್ಲ. ಪೂಜೆ ಮುಗಿಯುವ ಮೊದಲೇ ಎದ್ದು ಬಂದಳು.

ನಿಜ ತಿಳಿದ ಮೇಲೆ ಗಾಡಿ ಹತ್ತುವುದು ಸುಲಭವಾಗುತ್ತದೆ ಎಂದು ಯಾರಿಗಾದರೂ ಅನ್ನಿಸಬಹುದು. ಲಿಡಿಯಾಗೂ ಹಾಗೇ ಅನ್ನಿಸಿತ್ತು. ಸೋಮವಾರ ಬೆಳಿಗ್ಗೆ ಅವಳು ಬೈಕಿನ ಹೊದಿಕೆ ತೆಗೆದು ಹ್ಯಾಂಡಲ್ ಹಿಡಿದಳು. ಹತ್ತದೆ ಕೈ ಬಿಟ್ಟಳು. ಇಷ್ಟು ದಿನ ತನ್ನ ಕಣ್ಣನ್ನು ನಂಬದೆ ಹೆದರಿದ್ದಳು. ಈಗ ಗಾಡಿಯ ಒಂದೊಂದು ಬೋಲ್ಟನ್ನೂ ನೋಡಿದರೆ, ಇದನ್ನು ಯಾರು ಬಿಗಿ ಮಾಡಿದ್ದು ಎಂಬ ಪ್ರಶ್ನೆ ಏಳುತ್ತಿತ್ತು. ಗಿರಿಜಾಂಬಾ ಅವರ ಬಳಿ ಹೋಗಿ ಇನ್ನು ಹತ್ತು ದಿನ ಕೊಡಿ ಎಂದು ಕೇಳಿದಳು. ಯಾಕೆಂದು ಅವರು ಕೇಳಲಿಲ್ಲ. ಹತ್ತೇ ದಿನ, ಹನ್ನೊಂದನೆಯ ದಿನ ಕೇಳಬೇಡಿ ಎಂದರು.

ಅದೇ ಸಂಜೆ ಅವಳು ಒಂದು ಗೂಡ್ಸ್ ಆಟೋ ಕರೆಸಿ ಬೈಕನ್ನು ಅದಕ್ಕೆ ಹತ್ತಿಸಿದಳು. ಆಂತೋಣಿ ಬಾಗಿಲಲ್ಲಿ ನಿಂತು, ಎಲ್ಲಿಗೆ, ಏನು ಕೆಲಸವಿತ್ತು, ನಾನೇ ಮಾಡುತ್ತಿದ್ದೆನಲ್ಲ ಎಂದರು. ಲಿಡಿಯಾ ಹಗ್ಗ ಕಟ್ಟುವುದನ್ನು ನೋಡುತ್ತ ನಿಂತಳು. ಆಟೋ ಹೊರಟಾಗ ಒಂದೇ ಮಾತು ಹೇಳಿದಳು.

"ಇನ್ಮೇಲೆ ನೀವು ಇದನ್ನ ಮುಟ್ಬೇಡಿ ಅಪ್ಪ."

ಒಂಟಿಕೊಪ್ಪಲಿನಲ್ಲಿ ಶಿವಕಿರಣ್ ಎಂಬುವನ ವರ್ಕ್‌ಶಾಪಿತ್ತು. ಗಾಡಿಯನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬೇಕು, ಅದೂ ನನ್ನ ಕಣ್ಣೆದುರಿಗೆ, ಚಕ್ರ ಬಿಚ್ಚುವುದು ಕೂರಿಸುವುದು ನನಗೆ ಕಲಿಸಬೇಕು ಎಂದಳು. ಶಿವಕಿರಣ್ ಗಾಡಿಯ ಸುತ್ತ ಎರಡು ಸುತ್ತು ಬಂದು, ಕೂತು ನೋಡಿ, ಇದನ್ನು ಯಾರೋ ಮಗುವಿನ ಹಾಗೆ ನೋಡಿಕೊಂಡಿದ್ದಾರೆ, ಒಂದು ಸ್ಕ್ರೂ ಕೂಡ ಸಡಿಲವಿಲ್ಲ, ಬಿಚ್ಚಿಸಿದರೆ ನಿಮ್ಮ ದುಡ್ಡು ದಂಡ ಎಂದ. ಆದರೂ ಬಿಚ್ಚಿ ಎಂದಳು. ಐದು ಸಂಜೆ ಅವಳು ಡ್ಯೂಟಿ ಮುಗಿಸಿ ಅಲ್ಲಿಗೆ ಹೋದಳು. ಅಪ್ಪ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವಳ ಕೈಗೆ ಸ್ಪ್ಯಾನರ್ ಕೊಟ್ಟಿರಲಿಲ್ಲ. ಓಡಿಸುವುದು ನಿನ್ನದು, ಇದು ನನ್ನದು ಎನ್ನುತ್ತಿದ್ದರು. ಮೊದಲ ದಿನ ಅವಳ ಬೆರಳು ಸಿಪ್ಪೆಯೆದ್ದಿತು. ಮೂರನೆಯ ದಿನ ಚಕ್ರವನ್ನು ತಾನೇ ಬಿಚ್ಚಿ ತಾನೇ ಕೂರಿಸಿದಳು. ಮುರಿದು ಕೂಡಿದ ಮಣಿಕಟ್ಟು ರಾತ್ರಿಯೆಲ್ಲ ನೋಯುತ್ತಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಬೈಕನ್ನು ತಳ್ಳಿಕೊಂಡೇ ಮಾನಸಗಂಗೋತ್ರಿ ವಿಶ್ವವಿದ್ಯಾಲಯದ ಆವರಣದ ಒಳಗೆ ಹೋದಳು. ಮರಗಳ ಕೆಳಗಿನ ರಸ್ತೆಯಲ್ಲಿ ವಾಕಿಂಗ್ ಬಂದವರು ಬಿಟ್ಟರೆ ಯಾರಿರಲಿಲ್ಲ. ಹತ್ತಿ ಕೂತು ಮೊದಲ ಗೇರಿಗೆ ಹಾಕಿದಳು. ಎಡಗಾಲು ಗೇರಿನ ಮೇಲೆ ಒತ್ತಿದಾಗ ತೊಡೆಯ ರಾಡು ಇರುವ ಜಾಗ ಜುಮ್ಮೆಂದಿತು. ನೂರು ಗಜ ಹೋಗಿ ನಿಲ್ಲಿಸಿದಳು, ಇಳಿದು ಮುಂದಿನ ಚಕ್ರ ಮುಟ್ಟಿ ನೋಡಿದಳು. ಮತ್ತೆ ಹತ್ತಿದಳು, ಮತ್ತೆ ನಿಲ್ಲಿಸಿದಳು. ಐದನೆಯ ಸಲ ಇಳಿದು ಕೂತಾಗ ಅವಳಿಗೆ ಅಳು ಬಂತು. ಜೋರಾಗಿ ಓಡಿಸುತ್ತಿರಲಿಲ್ಲ ಎಂದು ಚೆಲುವರಾಜು ಹೇಳಿದ್ದು ನೆನಪಾಯಿತು. ಆ ಸಂಜೆ ಅವಳು ಮಾಡಬೇಕಾದದ್ದನ್ನೆಲ್ಲ ಸರಿಯಾಗಿಯೇ ಮಾಡಿದ್ದಳು. ಅವಳ ಕಣ್ಣು ತಪ್ಪಿರಲಿಲ್ಲ, ಕೈ ತಪ್ಪಿರಲಿಲ್ಲ. ಆದರೂ ತನ್ನದೇ ತಪ್ಪೆಂದು ನಂಬಿ ಎರಡು ವರ್ಷ ಗಾಡಿಯಿಂದ ದೂರವಿದ್ದಳು. ಇನ್ನೂ ದೂರವೇ ಉಳಿದರೆ ಅಪ್ಪ ಕಟ್ಟಿದ ಸುಳ್ಳು ಗೆದ್ದಂತೆ. ಈ ಯೋಚನೆ ಬಂದ ಮೇಲೆ ಅವಳ ಹೆದರಿಕೆ ಕಡಿಮೆಯಾಗಲಿಲ್ಲ, ಆದರೆ ಸಿಟ್ಟು ಅದಕ್ಕಿಂತ ದೊಡ್ಡದಾಯಿತು. ಮುಖ ಒರೆಸಿಕೊಂಡು ಹತ್ತಿ, ಆಮೇಲೆ ಎಲ್ಲೂ ನಿಲ್ಲಿಸದೆ ಆವರಣವನ್ನು ಮೂರು ಸುತ್ತು ಹಾಕಿದಳು. ಸೋಮವಾರ ಗಿರಿಜಾಂಬಾ ಅವರ ಮೇಜಿನ ಮೇಲೆ ಒಪ್ಪಿಗೆಯ ಪತ್ರ ಇಟ್ಟಳು.

ಮನೆಯಲ್ಲಿ ಅವಳು ಅಡುಗೆ ಮಾಡುತ್ತಿದ್ದಳು, ಅಪ್ಪನಿಗೆ ಬಡಿಸುತ್ತಿದ್ದಳು, ಬಿಪಿ ಮಾತ್ರೆ ಮುಗಿದರೆ ತಂದಿಡುತ್ತಿದ್ದಳು. ಮಾತು ಅಷ್ಟಕ್ಕೇ ನಿಂತಿತ್ತು. ಐರಿನ್ ಎರಡು ಸಲ ಬಂದು ಹೋದಳು. ಅಪ್ಪನಿಗೆ ಎಪ್ಪತ್ತೆರಡಾಯಿತು, ಎಷ್ಟು ದಿನ ಹೀಗೆ ಎಂದಳು. ನನಗೆ ಗೊತ್ತಿಲ್ಲ ಎಂದಳು ಲಿಡಿಯಾ. ಅದು ನಿಜವೇ ಆಗಿತ್ತು.

ಲಸಿಕೆ ಶುರುವಾದ ಎರಡನೆಯ ವಾರ ಅವಳು ಚಿಕ್ಕಕಟ್ಟೆಹುಂಡಿಗೆ ಹೋದಳು. ಈ ಸಲ ಆ ಊರನ್ನೂ ಅವಳ ಪಟ್ಟಿಗೆ ಸೇರಿಸಿದ್ದರು. ಮೋರಿಯ ಹತ್ತಿರ ಬಂದಾಗ ವೇಗ ತಗ್ಗಿಸಿದಳು, ನಿಲ್ಲಿಸಲಿಲ್ಲ. ಕೆಂಚಮ್ಮನ ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಪಡ್ಡೆ ಕರು. ಚೆಲುವರಾಜು ಮೂಗುದಾರ ಹಿಡಿದುಕೊಂಡ. ಅವಳು ಮೊದಲ ಹಸುವಿನ ಕತ್ತಿಗೆ ಸೂಜಿ ಚುಚ್ಚಿ ತೆಗೆದಾಗ ಅವನು, ಹೇಳಬೇಕೋ ಬೇಡವೋ ಎನ್ನುವ ಹಾಗೆ, ಹೋದ ಗುರುವಾರ ನಿಮ್ಮ ತಂದೆ ಬಂದಿದ್ದರು ಎಂದ. ಬಸ್ಸಿಳಿದು ಬಿಸಿಲಲ್ಲಿ ನಡೆದೇ ಬಂದಿದ್ದರಂತೆ. ಜಗುಲಿಯ ಕೆಳಗೆ ನಿಂತು, ನಿಮ್ಮ ಹೆಸರಲ್ಲಿ ಸುಳ್ಳು ಹೇಳಿದೆ, ತಪ್ಪಾಯಿತು ಎಂದು ಕೆಂಚಮ್ಮನಿಗೆ ಕೈ ಮುಗಿದರಂತೆ.

"ಅವ್ವ ಏನಂದ್ರು?" ಎಂದಳು ಲಿಡಿಯಾ.

ಕೆಂಚಮ್ಮ ಒಳಗಿನಿಂದಲೇ ಉತ್ತರ ಕೊಟ್ಟಳು.

"ನಂಗೇನಾಯ್ತು ಯಜಮಾನ್ರೆ, ನಂಗೆ ಯಾಕೆ ಕೈ ಮುಗೀತೀರಿ ಅಂದೆ. ಊಟ ಮಾಡ್ಕೊಂಡೋಗಿ ಅಂದ್ರೆ ಬೇಡ ಅಂದ್ರು.  ಬಿಸ್ಲಲ್ಲಿ ಹಂಗೇ ಹೋದ್ರು ಕಣವ್ವ."

ಲಿಡಿಯಾ ಸಿರಿಂಜಿಗೆ ಮುಂದಿನ ಡೋಸು ಎಳೆದುಕೊಂಡಳು. ಗುರುವಾರ ಅಪ್ಪ ಮನೆಗೆ ಬಂದಾಗ ಅಂಗಿಯೆಲ್ಲ ಬೆವರಾಗಿದ್ದುದನ್ನು ನೋಡಿದ್ದಳು, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿರಲಿಲ್ಲ. ಎದೆಯೊಳಗೆ ಏನಾದರೂ ಸಡಿಲವಾಗುತ್ತದೋ ಎಂದು ಒಂದು ಗಳಿಗೆ ಕಾದಳು. ಹಾಗೇನೂ ಆಗಲಿಲ್ಲ. ಬಿಸಿಲಲ್ಲಿ ಅಷ್ಟು ದೂರ ನಡೆಯಬಾರದಿತ್ತು ಎಂದು ಮಾತ್ರ ಅನ್ನಿಸಿತು.

ಪಡ್ಡೆ ಹೆದರಿ ಹಿಂದಕ್ಕೆ ಜಗ್ಗುತ್ತಿತ್ತು. ಲಿಡಿಯಾ ಅದರ ಕತ್ತು ಸವರಿ, ಚೆಲುವರಾಜುವಿಗೆ ಹಗ್ಗವನ್ನು ಸ್ವಲ್ಪ ಬಿಗಿಯಾಗಿ ಹಿಡಿಯಲು ಹೇಳಿದಳು.